ಕೊಡುವ ಕೈಗೆ ಉಣ್ಣುವವರ ಒಲೆಯ ನೆನಪಿರಲಿ

ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಕಚೇರಿಗಳ ರಿಸೆಪ್ಷನ್ ಪಕ್ಕದಲ್ಲಿ, ಕ್ಯಾಂಟೀನಿನ ಬಾಗಿಲಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಳ್ಳುತ್ತವೆ. ‘ನಿಮ್ಮ ಕೈಲಾದಷ್ಟು ದಿನಸಿ ತಂದು ಹಾಕಿ’ ಎಂದು ಮೇಲೊಂದು ಹಾಳೆ ಅಂಟಿಸಿರುತ್ತಾರೆ. 2009ರಲ್ಲಿ ‘ಜಾಯ್ ಆಫ್ ಗಿವಿಂಗ್ ವೀಕ್’ ಎಂಬ ಹೆಸರಿನಲ್ಲಿ ಶುರುವಾಗಿ, ಈಗ ‘ದಾನ್ ಉತ್ಸವ್’ ಎನಿಸಿಕೊಂಡಿರುವ ಸಪ್ತಾಹ ಪ್ರತಿವರ್ಷ ಗಾಂಧಿ ಜಯಂತಿಯಿಂದ ಅಕ್ಟೋಬರ್ 8ರವರೆಗೆ ನಡೆಯುತ್ತದೆ. ಐ.ಟಿ. ಕಂಪನಿ, ಬ್ಯಾಂಕು, ಕಾರ್ಖಾನೆ, ಶಾಲೆ ಎನ್ನದೆ ಎಲ್ಲ ಕಡೆ ಜನ ಈ ದಿನಗಳಲ್ಲಿ ಕೊಡಲು ಮುಂದೆ ಬರುತ್ತಾರೆ. ನೆರೆ ಬಂದಾಗ, ಗುಡ್ಡ ಕುಸಿದಾಗ, ಲಾಕ್‌ಡೌನ್ ಆದಾಗ ಇದೇ ಪೆಟ್ಟಿಗೆಗಳು ತಿಂಗಳು ನೋಡದೆ ಬಂದು ಕೂರುತ್ತವೆ.

ಕೊಡಬೇಕೆಂಬ ಮನಸ್ಸಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಆ ಪೆಟ್ಟಿಗೆ ತಲುಪಿದ ಮನೆಯಲ್ಲಿ ಅಂದು ರಾತ್ರಿ ಅಡುಗೆ ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ದಿನಸಿ ದಾನದ ಸಾರ್ಥಕತೆ ಇರುವುದು ಆ ಒಂದು ಪ್ರಶ್ನೆಯಲ್ಲೇ.

ಪೆಟ್ಟಿಗೆ ಬಗ್ಗಿಸಿದಾಗ

ವಾರ ಕಳೆದ ಮೇಲೆ ಅಂಥದ್ದೊಂದು ಪೆಟ್ಟಿಗೆಯನ್ನು ನೆಲಕ್ಕೆ ಬಗ್ಗಿಸಿ, ಹರವಿ ನೋಡಬೇಕು. ನೂಡಲ್ಸ್ ಪೊಟ್ಟಣಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಸೂಪಿನ ಪುಡಿ, ಪಾಸ್ತಾ, ಕಾರ್ನ್‌ಫ್ಲೇಕ್ಸ್ ಇರುತ್ತವೆ. ತೂಕ ಇಳಿಸಲೆಂದು ಯಾರೋ ತಂದು ಅರ್ಧಕ್ಕೇ ಬೇಸತ್ತು ಬಿಟ್ಟ ಓಟ್ಸ್ ಪೊಟ್ಟಣ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಬಂದಿರುತ್ತದೆ. ಗ್ರೀನ್ ಟೀ, ಆಲಿವ್ ಎಣ್ಣೆಯ ಗಾಜಿನ ಬಾಟಲಿ, ಯಾರೂ ಬಿಚ್ಚದೆ ಕೈಯಿಂದ ಕೈಗೆ ದಾಟಿದ ಸೋನ್‌ಪಾಪಡಿ ಡಬ್ಬ, ಒಂದು ಕೆಜಿ ಉಪ್ಪಿನ ಪೊಟ್ಟಣಗಳ ಸಣ್ಣ ಗುಡ್ಡೆ. ಇಷ್ಟರ ನಡುವೆ ಹುಡುಕಿದರೆ ತೊಗರಿಬೇಳೆ ಮೂರೋ ನಾಲ್ಕೋ ಪೊಟ್ಟಣ. ತಳದಲ್ಲಿ ಎಣ್ಣೆ ಪ್ಯಾಕೆಟ್ ಒಡೆದು ಗೋಧಿ ಹಿಟ್ಟಿನ ಚೀಲ ತೊಯ್ದಿರುತ್ತದೆ. ಬಟ್ಟೆ ಸೋಪಿನ ಜೊತೆ ವಾರವಿಡೀ ಇದ್ದ ಅಕ್ಕಿಗೆ ಸೋಪಿನದೇ ವಾಸನೆ.

ಇದು ಹೋಗಿ ಸೇರುವುದು ಎಲ್ಲಿಗೆ? ವೈಟ್‌ಫೀಲ್ಡ್‌ನಲ್ಲೋ ಸರ್ಜಾಪುರ ರಸ್ತೆಯಲ್ಲೋ ಖಾಲಿ ಸೈಟೊಂದರಲ್ಲಿ ಸಾಲಾಗಿ ಎದ್ದ ತಗಡಿನ ಶೆಡ್ಡುಗಳಿಗೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು, ಒಡಿಶಾ, ಪಶ್ಚಿಮ ಬಂಗಾಳ, ಬಿಹಾರದಿಂದ ಬಂದವರು ಅಲ್ಲಿರುತ್ತಾರೆ. ಅಡುಗೆ ಮೂರು ಕಲ್ಲಿನ ಒಲೆಯ ಮೇಲೆ, ಇಲ್ಲವೇ 5 ಕೆಜಿಯ ಪುಟ್ಟ ಸಿಲಿಂಡರಿನ ಮೇಲೆ. ಫ್ರಿಜ್ ಇರುವುದಿಲ್ಲ. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡಬೇಕಾದ ಹೆಂಗಸು ಆರಕ್ಕೇ ಎದ್ದು, ಮಧ್ಯಾಹ್ನದ ಬುತ್ತಿಗೂ ಸೇರಿಸಿ ಒಂದೇ ಸಲ ಅಡುಗೆ ಮುಗಿಸುತ್ತಾಳೆ. ಅವಳ ಕೈಗೆ ಕಾರ್ನ್‌ಫ್ಲೇಕ್ಸ್ ಡಬ್ಬ ಕೊಟ್ಟರೆ ಅದಕ್ಕೆ ಹಾಕಲು ಅರ್ಧ ಲೀಟರ್ ಹಾಲನ್ನು ಅವಳೇ ಕೊಳ್ಳಬೇಕು. ಪಾಸ್ತಾ ಕೊಟ್ಟರೆ ಅದನ್ನು ಬೇಯಿಸುವ ಬಗೆಯನ್ನು ಯಾರಾದರೂ ಹೇಳಿಕೊಡಬೇಕು. ಹೆಚ್ಚುಕಡಿಮೆ ಅದೇ ದುಡ್ಡಿಗೆ ಒಂದು ಕೆಜಿ ಬೇಳೆ ಬರುತ್ತಿತ್ತು, ಆ ಬೇಳೆ ಅಂದೇ ಒಲೆ ಏರುತ್ತಿತ್ತು.

ಕೊಟ್ಟವರು ಕೆಟ್ಟವರಲ್ಲ. ತಮ್ಮ ಮನೆಯ ಕಪಾಟು ತೆರೆದು ಕಂಡದ್ದನ್ನು ತಂದರು, ಅಥವಾ ಬರುವ ದಾರಿಯಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಕೈಗೆ ಸಿಕ್ಕಿದ್ದನ್ನು ಕೊಂಡರು. ಏನು ಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಇದನ್ನು ಮೊದಲು ಸರಿಪಡಿಸಬೇಕಾದವರು ಪೆಟ್ಟಿಗೆ ಇಟ್ಟವರು.

ಮೊದಲು ಒಂದು ಫೋನ್

ಪೆಟ್ಟಿಗೆ ಇಡುವ ಮೊದಲು, ಇಮೇಲ್ ಕಳಿಸುವ ಮೊದಲು, ಯಾರಿಗೆ ಕೊಡುತ್ತೇವೋ ಅವರನ್ನು ಕೇಳಬೇಕು. ಆ ಬಡಾವಣೆಯ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರು, ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಿರುವ ಸಂಸ್ಥೆಯವರು ಇದ್ದೇ ಇರುತ್ತಾರೆ. ಫೋನ್ ಮಾಡಿ ‘ಟೀಚರ್, ನಮ್ಮ ಆಫೀಸಿನವರು ಸ್ವಲ್ಪ ರೇಷನ್ ಕೊಡೋಣ ಅಂತಿದ್ದೀವಿ, ಅಕ್ಕಿ ಎಷ್ಟು ಬೇಕಾಗಬಹುದು?’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘ಅಕ್ಕಿ ಬೇಡ ಸರ್, ಕಾರ್ಡ್ ಇರೋರಿಗೆ ಸೊಸೈಟಿ ಅಕ್ಕಿ ಬರುತ್ತೆ. ಬೇಳೆ, ಎಣ್ಣೆ, ಖಾರದ ಪುಡಿ ಕೊಡಿ. ಕಾರ್ಡ್ ಇಲ್ಲದೋರು ಒಂದಷ್ಟು ಮನೆ ಇದಾವೆ, ಅವರಿಗೆ ಮಾತ್ರ ಅಕ್ಕಿ ಸೇರಿಸಿ.’

ಎರಡು ನಿಮಿಷದ ಈ ಮಾತು ಇಡೀ ಕೆಲಸದ ದಿಕ್ಕನ್ನೇ ಬದಲಿಸುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ ಧಾನ್ಯ ಸಿಗುತ್ತದೆ. ಅದೇ ವರ್ಷ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯವೂ ಶುರುವಾಯಿತು. ಅಂದರೆ ಕಾರ್ಡ್ ಇರುವ ಮನೆಯಲ್ಲಿ ಧಾನ್ಯಕ್ಕೆ ತಕ್ಕಮಟ್ಟಿನ ಆಸರೆ ಇದೆ. ಆ ಕಾಯ್ದೆಯಲ್ಲಿ ಬೇಳೆಯಿಲ್ಲ, ಅಡುಗೆ ಎಣ್ಣೆಯಿಲ್ಲ. ನಮ್ಮ ದಿನಸಿ ಪೆಟ್ಟಿಗೆ ತುಂಬಬೇಕಾದ ಜಾಗ ಅದು.

ಕಾರ್ಡ್ ಇಲ್ಲದ, ಅಥವಾ ಕಾರ್ಡನ್ನು ಊರಲ್ಲೇ ಬಿಟ್ಟು ಬಂದ ವಲಸೆ ಕುಟುಂಬಗಳ ಕತೆ ಬೇರೆ. ಅವರಿಗೆ ಧಾನ್ಯವೇ ಬೇಕು, ಅದೂ ಅವರು ಉಣ್ಣುವ ಧಾನ್ಯ ಬೇಕು. ರಾಯಚೂರಿನ ಮನೆಯಲ್ಲಿ ಜೋಳದ ಹಿಟ್ಟಿದ್ದರೆ ರೊಟ್ಟಿ ಬಡಿಯುತ್ತಾರೆ. ಬಿಹಾರದವರು ಗೋಧಿ ಹಿಟ್ಟು ಕೇಳುತ್ತಾರೆ, ಬಂಗಾಳದವರಿಗೆ ಅಕ್ಕಿಯ ಜೊತೆ ಮಸೂರ ಬೇಳೆ, ಸಾಸಿವೆ ಎಣ್ಣೆ ಸಿಕ್ಕರೆ ಊರಿನ ಊಟವೇ ಸಿಕ್ಕಂತೆ. 2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಆದ ಮೇಲೆ ಬೆಂಗಳೂರಿನಲ್ಲಿ ರೇಷನ್ ಕಿಟ್ ಹಂಚಿದವರಿಗೆಲ್ಲ ಈ ಪಾಠ ಬೀದಿಯಲ್ಲೇ ಸಿಕ್ಕಿತು. ಅಕ್ಕಿ-ಬೇಳೆ ಕೈಯಲ್ಲಿದ್ದೂ ಗ್ಯಾಸ್ ತುಂಬಿಸಲು ದುಡ್ಡಿಲ್ಲದೆ ಒಲೆ ಹಚ್ಚಲಾಗದವರು ಎಷ್ಟೋ ಮಂದಿ ಇದ್ದರು.

ಕಿದ್ವಾಯಿ, ವಿಕ್ಟೋರಿಯಾದಂಥ ಆಸ್ಪತ್ರೆಗಳ ಸುತ್ತ ದೂರದ ಜಿಲ್ಲೆಗಳಿಂದ ಬಂದು ವಾರಗಟ್ಟಲೆ ಉಳಿಯುವ ರೋಗಿಗಳ ಮನೆಯವರು ಮತ್ತೊಂದು ಬಗೆಯವರು. ಅವರಲ್ಲಿ ಹೆಚ್ಚಿನವರಿಗೆ ಅಡುಗೆ ಮಾಡಿಕೊಳ್ಳುವ ತಾವೇ ಇರುವುದಿಲ್ಲ. ಅವರಿಗೆ ಐದು ಕೆಜಿ ಅಕ್ಕಿ ಹೊರೆಯಾಗುತ್ತದೆ. ಅವಲಕ್ಕಿ, ಹುರಿಗಡಲೆ, ಚಟ್ನಿ ಪುಡಿ, ಬಿಸ್ಕತ್ತು, ಬಾಳೆಹಣ್ಣು ಅಥವಾ ಊಟದ ಕೂಪನ್ ಆದರೆ ಉಪಯೋಗಕ್ಕೆ ಬರುತ್ತದೆ. ರೋಗಿಗೆ ಕೊಡುವ ಆಹಾರವನ್ನಂತೂ ವೈದ್ಯರನ್ನು ಕೇಳದೆ ಕೊಡಲೇಬಾರದು.

ವೃದ್ಧಾಶ್ರಮ, ಅನಾಥಾಲಯಗಳ ತೊಂದರೆ ಇನ್ನೊಂದು ತೆರನದು. ಹುಟ್ಟುಹಬ್ಬ, ಪುಣ್ಯತಿಥಿ, ಹಬ್ಬದ ದಿನಗಳಿಗೆ ಊಟ ಕೊಡುವವರು ತಿಂಗಳು ಮೊದಲೇ ಸಾಲು ನಿಲ್ಲುತ್ತಾರೆ. ಕೇಕು, ಸಿಹಿ ರಾಶಿ ಬೀಳುತ್ತವೆ. ಮಧುಮೇಹವಿರುವ ಅಜ್ಜಿಯ ಮುಂದೆ ಒಂದೇ ದಿನ ಎರಡು ಬಗೆಯ ಜಾಮೂನು ಇರುತ್ತದೆ. ತಿಂಗಳ ನಡುವಿನ ಒಂದು ಸಾಮಾನ್ಯ ಮಂಗಳವಾರಕ್ಕೆ ತರಕಾರಿ ಕೊಡುವವರು ಸಿಗುವುದಿಲ್ಲ. ‘ನಿಮ್ಮಲ್ಲಿ ಯಾವ ದಿನ ಖಾಲಿ ಇದೆ, ಏನು ಕಡಿಮೆ ಬಿದ್ದಿದೆ’ ಎಂದು ಕೇಳಿದರೆ ಅಲ್ಲಿನವರು ಸಂತೋಷದಿಂದ ಹೇಳುತ್ತಾರೆ.

ಒಂದು ಕಿಟ್‌ನ ಲೆಕ್ಕ

ರೇಷನ್ ಕಿಟ್ ಎಂದರೆ ನಮ್ಮ ಕಣ್ಣ ಮುಂದೆ ಬರುವ ಪಟ್ಟಿ ಹೆಚ್ಚಾಗಿ ಒಂದೇ: 10 ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಜೊತೆಗೆ ಉಪ್ಪು, ಸಕ್ಕರೆ, ಖಾರದ ಪುಡಿ. ನೋಡಲು ತುಂಬಿದ ಚೀಲ. ಇದು ನಾಲ್ಕು ಜನರ ಮನೆಗೆ ಎಷ್ಟು ದಿನ ಬರುತ್ತದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2,000 ಕಿಲೋ ಕ್ಯಾಲೊರಿಯ ತಟ್ಟೆಯೊಂದರ ಲೆಕ್ಕವಿದೆ. ಅದರಂತೆ ಒಬ್ಬರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆ-ಕಾಳು (ಮಾಂಸಾಹಾರಿಗಳಾದರೆ ಮೊಟ್ಟೆ, ಮಾಂಸವೂ ಸೇರಿ) 85 ಗ್ರಾಂ, ಎಣ್ಣೆ-ಕೊಬ್ಬು 27 ಗ್ರಾಂ ಬೇಕು. ನಾಲ್ಕು ಜನರಿಗೆ ದಿನಕ್ಕೆ ಧಾನ್ಯ ಒಂದು ಕೆಜಿ, ಬೇಳೆ 340 ಗ್ರಾಂ, ಎಣ್ಣೆ 108 ಗ್ರಾಂ ಆಯಿತು. ನಮ್ಮ ಕಿಟ್‌ನ ಅಕ್ಕಿ ಹತ್ತು ದಿನ ಬರುತ್ತದೆ, ಎಣ್ಣೆ ಎಂಟು ದಿನ. ಬೇಳೆ ಮೂರೇ ದಿನಕ್ಕೆ ಮುಗಿಯುತ್ತದೆ.

ಮೈಮುರಿದು ದುಡಿಯುವವರಿಗೆ ಇದಕ್ಕಿಂತ ಹೆಚ್ಚೇ ಬೇಕು. ಆದರೂ ಈ ಲೆಕ್ಕದಲ್ಲಿ ಒಂದು ಸತ್ಯ ಎದ್ದು ಕಾಣುತ್ತದೆ. ನಾಲ್ಕನೆಯ ದಿನದಿಂದ ಆ ಮನೆಯ ಮಕ್ಕಳು ಅನ್ನಕ್ಕೆ ತಿಳಿಸಾರೋ ಉಪ್ಪು-ಖಾರವೋ ಹಾಕಿಕೊಂಡು ಉಣ್ಣುತ್ತಾರೆ. ಹೊಟ್ಟೆ ತುಂಬುತ್ತದೆ, ಬೆಳೆಯುವ ಮೈಗೆ ಬೇಕಾದದ್ದು ಸಿಗುವುದಿಲ್ಲ. ಹತ್ತು ದಿನಕ್ಕೆ ಸರಿಹೊಂದುವ ಕಿಟ್ ಎಂದರೆ ಅದರಲ್ಲಿ ಮೂರೂವರೆ ಕೆಜಿ ಬೇಳೆ-ಕಾಳು, ಒಂದೂಕಾಲು ಲೀಟರ್ ಎಣ್ಣೆ ಇರಬೇಕು. ಎಲ್ಲವೂ ತೊಗರಿಬೇಳೆಯೇ ಆಗಬೇಕಿಲ್ಲ. ಹೆಸರುಕಾಳು, ಕಡಲೆಕಾಳು, ಅಲಸಂದೆ, ಹುರುಳಿ, ಶೇಂಗಾ ಯಾವುದಾದರೂ ಆದೀತು. ಕಾಳನ್ನು ರಾತ್ರಿ ನೆನೆಹಾಕಿದರೆ ಉರುವಲೂ ಉಳಿಯುತ್ತದೆ. ಕಾರ್ಡ್ ಇರುವ ಮನೆಗಾದರೆ ಅಕ್ಕಿಯ ದುಡ್ಡನ್ನೆಲ್ಲ ಬೇಳೆ, ಎಣ್ಣೆಗೇ ಹಾಕಬಹುದು. ಜೊತೆಗೆ ಹುಣಸೆಹಣ್ಣು, ಸಾರಿನ ಪುಡಿ, ಬೆಲ್ಲ ಇದ್ದರೆ ಅಡುಗೆ ರುಚಿಗೆ ಬರುತ್ತದೆ. ಬಡವರ ಊಟಕ್ಕೂ ರುಚಿ ಬೇಕು ಎಂಬುದನ್ನು ಕೊಡುವವರು ಮರೆಯಬಾರದು.

ಹೊರೆಕಾಣಿಕೆಯ ಕ್ರಮ

ನೂರಾರು ಜನ ಸೇರಿ ದಿನಸಿ ಕೊಡುವ ಪದ್ಧತಿ ನಮಗೆ ಕಾರ್ಪೊರೇಟ್ ಕಚೇರಿಗಳಿಂದ ಬಂದದ್ದೇನಲ್ಲ. ಕರಾವಳಿಯಲ್ಲಿ ಬ್ರಹ್ಮಕಲಶೋತ್ಸವ, ಜಾತ್ರೆ, ಪರ್ಯಾಯದಂಥ ದೊಡ್ಡ ಕಾರ್ಯಗಳಿಗೆ ಮೊದಲು ಹೊರೆಕಾಣಿಕೆ ಬರುತ್ತದೆ. ಊರೂರಿನವರು, ಸಂಘ-ಸಂಸ್ಥೆಗಳವರು ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ ತುಂಬಿದ ವಾಹನಗಳೊಂದಿಗೆ ಮೆರವಣಿಗೆಯಲ್ಲಿ ಬರುತ್ತಾರೆ. ಬಂದದ್ದೆಲ್ಲ ನೇರ ಉಗ್ರಾಣಕ್ಕೆ ಇಳಿಯುತ್ತದೆ. ಉಗ್ರಾಣದ ಹೊಣೆ ಹೊತ್ತವರು ಯಾವುದು ಎಷ್ಟು ಬಂತೆಂದು ಬರೆದುಕೊಳ್ಳುತ್ತಾರೆ. ಸೌತೆ, ಕುಂಬಳ ಒಂದು ಕಡೆ, ಬೇಗ ಬಾಡುವ ಸೊಪ್ಪು ಇನ್ನೊಂದು ಕಡೆ. ಅಡುಗೆಯವರ ಪಟ್ಟಿ ನೋಡಿ, ಎಷ್ಟು ಎಲೆ ಬೀಳುತ್ತದೆ ಎಂಬ ಅಂದಾಜಿನ ಮೇಲೆ ಅಲ್ಲಿನ ಲೆಕ್ಕ ನಡೆಯುತ್ತದೆ.

ಉಡುಪಿಯ ಪರ್ಯಾಯದ ಸಿದ್ಧತೆಯಂತೂ ಒಂದು ವರ್ಷಕ್ಕೂ ಮೊದಲೇ ಆರಂಭ. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಒಂದಾದ ಮೇಲೊಂದು ನಡೆಯುತ್ತವೆ. ಉಣ್ಣಲು ಬರುವವರಿಗೆ ಎಲೆ ಬೇಕಾಗುತ್ತದೆಂದು ಬಾಳೆಯನ್ನು ಮೊದಲೇ ನೆಡುತ್ತಾರೆ, ಬೇಯಿಸಲು ಕಟ್ಟಿಗೆ ಬೇಕೆಂದು ಮೊದಲೇ ಒಟ್ಟುತ್ತಾರೆ. ಅನ್ನದಾನಕ್ಕೆ ಇಷ್ಟು ಮುಂದಾಲೋಚನೆ ಬೇಕೆಂದು ನಮ್ಮ ಹಿರಿಯರಿಗೆ ತಿಳಿದಿತ್ತು.

ಉತ್ತರ ಕರ್ನಾಟಕಕ್ಕೆ ಬಂದರೆ, ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿದಾಗಲೆಲ್ಲ ಪಕ್ಕದ ಊರುಗಳ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಏಳುತ್ತದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಗಂಟು ಕಟ್ಟಿ ನೆರೆಗೆ ಸಿಕ್ಕವರಿಗೆ ಕಳಿಸುತ್ತಾರೆ. ಒಲೆ ನೀರಲ್ಲಿ ಮುಳುಗಿದವರಿಗೆ ಅಕ್ಕಿ-ಬೇಳೆ ಕೊಟ್ಟರೆ ಏನು ಮಾಡಬೇಕು? ಕಟಕ್ ರೊಟ್ಟಿಗೆ ಒಲೆ ಬೇಡ, ವಾರಗಟ್ಟಲೆ ಕೆಡುವುದಿಲ್ಲ, ಮೇಲಾಗಿ ಅದು ಅವರು ದಿನಾ ಉಣ್ಣುವ ಊಟ. ಕೊಡುವವರಿಗೆ ಇಸಿದುಕೊಳ್ಳುವವರ ಸ್ಥಿತಿ ಗೊತ್ತಿರುವಾಗ ದಾನ ಎಷ್ಟು ಸರಿಯಾಗಿ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಹಳೆ ಬಟ್ಟೆಗಳು ರಸ್ತೆ ಬದಿ ರಾಶಿ ಬಿದ್ದು ಹಾಳಾದದ್ದು ಇದಕ್ಕೆ ತದ್ವಿರುದ್ಧದ ಚಿತ್ರ.

ಕಚೇರಿಯಲ್ಲೂ ಹೊರೆಕಾಣಿಕೆಯ ಕ್ರಮವನ್ನೇ ಅನುಸರಿಸಬಹುದು. ಮೊದಲು ಉಗ್ರಾಣದ ಪಟ್ಟಿ ಮಾಡಿ, ಬಳಿಕ ಪಾಲು ಹಂಚಿ. ಅಕೌಂಟ್ಸ್‌ನವರು ಬೇಳೆ, ಎರಡನೇ ಮಹಡಿಯವರು ಎಣ್ಣೆ, ಮಾರಾಟ ವಿಭಾಗದವರು ಕಾಳು, ಉಳಿದವರು ಸಾಂಬಾರು ಪದಾರ್ಥ ಮತ್ತು ಸೋಪು. ಯಾರು ಏನು ತರುತ್ತಾರೆಂದು ಒಂದು ಹಾಳೆಯಲ್ಲಿ ಬರೆಸಿಕೊಂಡರೆ ಉಪ್ಪಿನ ಗುಡ್ಡೆ ಬೀಳುವುದಿಲ್ಲ.

ದಿನಾಂಕ, ಡಬ್ಬ ಮತ್ತು ಕಾನೂನು

ಪೊಟ್ಟಣದ ಮೇಲೆ ಎರಡು ಬಗೆಯ ದಿನಾಂಕಗಳಿರುತ್ತವೆ. ‘ಬೆಸ್ಟ್ ಬಿಫೋರ್’ ಎಂದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಎಂಬ ಭರವಸೆ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದರೆ ಅದರ ನಂತರ ತಿನ್ನಬಾರದು. ದಾನದ ಮಟ್ಟಿಗೆ ಈ ವ್ಯತ್ಯಾಸವನ್ನು ಚರ್ಚಿಸುವ ಅಗತ್ಯವೇ ಇಲ್ಲ: ಎರಡರಲ್ಲಿ ಯಾವುದು ಕಳೆದಿದ್ದರೂ ಕೊಡಬಾರದು. ಆನ್‌ಲೈನ್‌ನಲ್ಲಿ ಮಾರುವ ಆಹಾರ ಗ್ರಾಹಕರ ಕೈಸೇರುವಾಗ ಅದರ ಬಾಳಿಕೆಯ ಅವಧಿಯಲ್ಲಿ ಕನಿಷ್ಠ ಶೇ 30ರಷ್ಟು ಅಥವಾ ಅವಧಿ ಮುಗಿಯಲು 45 ದಿನ ಉಳಿದಿರಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರಲ್ಲಿ ಕಂಪನಿಗಳಿಗೆ ಹೇಳಿತು. ದುಡ್ಡು ಕೊಟ್ಟು ಕೊಳ್ಳುವ ನಮಗೆ ಸಲ್ಲುವ ಈ ಕಾಳಜಿ ಕೇಳದೆ ಸ್ವೀಕರಿಸುವವರಿಗೂ ಸಲ್ಲಬೇಕು. ದಿನಸಿ ಸಂಗ್ರಹವಾಗಿ, ವಿಂಗಡಣೆಯಾಗಿ, ಮನೆ ಮುಟ್ಟಲು ಎರಡು-ಮೂರು ವಾರ ಹಿಡಿಯುವುದರಿಂದ ಕನಿಷ್ಠ ಎರಡು-ಮೂರು ತಿಂಗಳ ಬಾಳಿಕೆ ಉಳಿದದ್ದನ್ನೇ ಕೊಡುವುದು ಒಳ್ಳೆಯದು.

ಬಿಚ್ಚಿದ ಪೊಟ್ಟಣ, ಲೇಬಲ್ ಇಲ್ಲದ ಪುಡಿ, ಉಬ್ಬಿದ ಅಥವಾ ತುಕ್ಕು ಹಿಡಿದ ಡಬ್ಬ, ಗಾಜಿನ ಬಾಟಲಿ ಬೇಡ. ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಎಷ್ಟೇ ಚೆನ್ನಾಗಿರಲಿ, ಗುರುತಿಲ್ಲದವರಿಗೆ ಸಂಗ್ರಹದ ಪೆಟ್ಟಿಗೆಯ ಮೂಲಕ ಕಳಿಸುವಂಥದ್ದಲ್ಲ. ಕಚೇರಿಯ ಕ್ಯಾಂಟೀನಿನಲ್ಲಿ ಉಳಿದ ಅಡುಗೆಗಂತೂ ಪ್ರತ್ಯೇಕ ನಿಯಮಗಳೇ ಇವೆ. ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಗೆ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮಾವಳಿ ತಂದಿದೆ. ಆ ಕೆಲಸದಲ್ಲಿ ಪಳಗಿದ, ನೋಂದಣಿ ಇರುವ ಸಂಸ್ಥೆಗಳ ಮೂಲಕವೇ ಅದನ್ನು ಕಳಿಸಬೇಕು.

ಬಹಳ ಜನರಿಗೆ ತಿಳಿಯದ ಇನ್ನೊಂದು ಕಾನೂನಿದೆ. ನೆರೆ, ಭೂಕುಸಿತದ ಸುದ್ದಿ ಕೇಳಿದ ಕೂಡಲೇ ಮಕ್ಕಳನ್ನು ನೆನೆದು ನಾವು ಹಸುಗೂಸಿನ ಹಾಲಿನ ಪುಡಿ, ಹಾಲೂಡಿಸುವ ಬಾಟಲಿ ಕೊಂಡು ಪೆಟ್ಟಿಗೆಗೆ ಹಾಕುತ್ತೇವೆ. 1992ರ ಶಿಶು ಹಾಲು ಬದಲಿಗಳ ಕಾಯ್ದೆಯಂತೆ ಇವೆರಡನ್ನೂ ಅನಾಥಾಲಯಗಳ ಹೊರತು ಬೇರೆ ಯಾರಿಗೂ ದಾನ ಮಾಡುವಂತಿಲ್ಲ, ಹಂಚುವಂತಿಲ್ಲ. ಕಾರಣ ಸರಳ. ನೀರು ಕೆಟ್ಟಿರುವ, ಬಾಟಲಿ ಕುದಿಸಲು ಅನುಕೂಲವಿಲ್ಲದ ಕಡೆ ಪುಡಿ ಕಲಸಿ ಕುಡಿಸಿದರೆ ಕೂಸಿಗೆ ಭೇದಿ ಹಿಡಿಯುತ್ತದೆ. ಕೆಲವು ದಿನ ಪುಡಿ ಕೊಡುವಷ್ಟರಲ್ಲಿ ತಾಯಿಯ ಎದೆಹಾಲು ಕಡಿಮೆಯಾಗುತ್ತದೆ, ಅಷ್ಟರಲ್ಲಿ ದಾನದ ಡಬ್ಬವೂ ಬರಿದಾಗಿರುತ್ತದೆ. ಕೂಸಿನ ಮೇಲೆ ಮಮತೆಯಿದ್ದರೆ ತಾಯಿಯ ಊಟಕ್ಕೆ ಕೊಡಿ: ಹೆಸರುಬೇಳೆ, ರಾಗಿ ಹಿಟ್ಟು, ಬೆಲ್ಲ, ತುಪ್ಪ, ಶೇಂಗಾ.

ಪೆಟ್ಟಿಗೆ ತುಂಬುವುದರಲ್ಲೂ ಕ್ರಮವಿರಲಿ. ಸೋಪು, ಫಿನಾಯಿಲ್, ಸೊಳ್ಳೆಬತ್ತಿ ಬೇರೆ ಪೆಟ್ಟಿಗೆಗೆ. ಎಣ್ಣೆ ಪ್ಯಾಕೆಟ್ಟುಗಳು ಪ್ಲಾಸ್ಟಿಕ್ ಚೀಲದೊಳಗೆ, ಪ್ರತ್ಯೇಕವಾಗಿ. ಒಬ್ಬರು ಎತ್ತುವಷ್ಟೇ ಭಾರ. ಹೊರಮೈ ಮೇಲೆ ಒಳಗೇನಿದೆ, ಎಲ್ಲಕ್ಕಿಂತ ಮೊದಲು ಯಾವುದರ ಅವಧಿ ಮುಗಿಯುತ್ತದೆ ಎಂದು ಬರೆದರೆ ಅತ್ತಕಡೆ ವಿಂಗಡಿಸುವವರ ಅರ್ಧ ದಿನ ಉಳಿಯುತ್ತದೆ. ರವೆ, ಹಿಟ್ಟಿಗೆ ಹುಳು ಬೇಗ ಹಿಡಿಯುವುದರಿಂದ ಅವನ್ನು ಕೊನೆಯ ದಿನ ಕೊಂಡು ಸೇರಿಸುವುದು ಲೇಸು.

ದಿನಸಿಯೋ, ದುಡ್ಡೋ?

ಆಹಾರ ಸಂಗ್ರಹದ ಆಧುನಿಕ ವ್ಯವಸ್ಥೆ ಬೆಳೆದದ್ದು ಅಮೆರಿಕದಲ್ಲಿ. 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬ ನಿವೃತ್ತ ಉದ್ಯಮಿ ಸೇಂಟ್ ಮೇರೀಸ್ ಆಹಾರ ಬ್ಯಾಂಕ್ ಆರಂಭಿಸಿದರು. ಅಂಗಡಿಗಳಲ್ಲಿ ಉಳಿದ ಒಳ್ಳೆಯ ಆಹಾರವನ್ನು ಒಂದೆಡೆ ಇಟ್ಟು ಬೇಕಾದವರಿಗೆ ಕೊಡುವ ಆ ಆಲೋಚನೆ ದೇಶದ ತುಂಬ ಹರಡಿತು. ಅಲ್ಲಿನ ಅಂಚೆಯಣ್ಣಂದಿರ ಸಂಘ 1993ರಿಂದ ಮೇ ತಿಂಗಳ ಎರಡನೇ ಶನಿವಾರ ಮನೆಮನೆಯಿಂದ ಆಹಾರದ ಡಬ್ಬ ಸಂಗ್ರಹಿಸುತ್ತ ಬಂದಿದೆ. ಇಷ್ಟು ವರ್ಷಗಳ ಅನುಭವವಿರುವ ಅಲ್ಲಿನ ಆಹಾರ ಬ್ಯಾಂಕುಗಳು ಇಂದು ಡಬ್ಬಗಳನ್ನು ಸ್ವೀಕರಿಸುತ್ತಲೇ, ಸಾಧ್ಯವಿದ್ದರೆ ಹಣ ಕೊಡಿ ಎಂದು ಕೇಳುತ್ತವೆ. ಸಗಟಿನಲ್ಲಿ ಕೊಳ್ಳುವ ಸಂಸ್ಥೆಗೆ ಅದೇ ಹಣದಲ್ಲಿ ಹೆಚ್ಚು ಆಹಾರ ಸಿಗುತ್ತದೆ, ತರಕಾರಿ, ಮೊಟ್ಟೆಯಂಥ ತಾಜಾ ಪದಾರ್ಥವನ್ನೂ ಕೊಳ್ಳಬಹುದು. ಸಿಲಿಕಾನ್ ವ್ಯಾಲಿಯಲ್ಲಿ ಕೆಲಸ ಮಾಡುವ ನಮ್ಮ ಕನ್ನಡಿಗರಿಗೆ ಈ ಮನವಿ ಹೊಸದಲ್ಲ.

ನಮ್ಮಲ್ಲೂ ಲೆಕ್ಕ ಹೀಗೆಯೇ. ನೂರು ಜನ ನೂರು ಅಂಗಡಿಯಲ್ಲಿ ಒಂದೊಂದು ಕೆಜಿ ಬೇಳೆ ಕೊಳ್ಳುವ ಬದಲು, ಹಣ ಒಟ್ಟು ಮಾಡಿ ಯಶವಂತಪುರದ ಯಾರ್ಡ್‌ನಲ್ಲಿ ಮೂಟೆಗಟ್ಟಲೆ ಕೊಂಡರೆ ಹೆಚ್ಚು ಬೇಳೆ ಬರುತ್ತದೆ, ಎಲ್ಲವೂ ಒಂದೇ ಗುಣಮಟ್ಟದ್ದಾಗಿರುತ್ತದೆ. ತೆರಿಗೆಯ ದೃಷ್ಟಿಯಿಂದ ನೋಡಿದರೂ, 80ಜಿ ಎಂದು ನಾವೆಲ್ಲ ಕರೆಯುವ ವಿನಾಯಿತಿ ಹಣದ ದೇಣಿಗೆಗೆ ಮಾತ್ರ. ವಸ್ತುವಾಗಿ ಕೊಟ್ಟದ್ದಕ್ಕೆ ಸಿಗುವುದಿಲ್ಲ. ನಗದಾದರೆ 2,000 ರೂಪಾಯಿ ಮೀರುವಂತಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ.

ಹಾಗೆಂದು ಕೈಯಾರೆ ದಿನಸಿ ತಂದುಕೊಡುವುದು ವ್ಯರ್ಥವೆಂದು ನಾನು ಹೇಳಲಾರೆ. ಅಂಗಡಿಯಲ್ಲಿ ನಿಂತು, ಬೇಳೆ ಆರಿಸಿ, ಮಗುವಿನ ಕೈಯಲ್ಲಿ ಪೊಟ್ಟಣ ಹಿಡಿಸಿ ತರುವಾಗ ಕೊಡುವವರ ಮನಸ್ಸೂ ಆ ಕೆಲಸದಲ್ಲಿ ತೊಡಗುತ್ತದೆ. 2014ರಲ್ಲಿ ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ ‘ರೈಸ್ ಬಕೆಟ್ ಚಾಲೆಂಜ್’ ಶುರುಮಾಡಿ, ಒಂದು ಬಕೆಟ್ ಅಕ್ಕಿಯನ್ನು ಹತ್ತಿರದವರೊಬ್ಬರಿಗೆ ಕೊಡಿ ಎಂದು ಕೇಳಿದಾಗ ಅದು ಅಷ್ಟು ಬೇಗ ಹಬ್ಬಿದ್ದು ಈ ಕಾರಣಕ್ಕೇ. ಎರಡನ್ನೂ ಸೇರಿಸಬಹುದು: ಪಟ್ಟಿಯಲ್ಲಿದ್ದ ದಿನಸಿಯನ್ನು ಇಷ್ಟವಿದ್ದವರು ತರಲಿ, ಉಳಿದವರು ಹಣ ಕೊಡಲಿ. ಕಡಿಮೆ ಬಿದ್ದ ಪದಾರ್ಥವನ್ನು ಆ ಹಣದಲ್ಲಿ ಕೊಳ್ಳಲಿ. ಖರ್ಚಿನ ಲೆಕ್ಕವನ್ನು ಎಲ್ಲರಿಗೂ ಕಳಿಸಿದರೆ ಮುಂದಿನ ಸಲ ಕೊಡುವವರು ಹೆಚ್ಚುತ್ತಾರೆ.

ಹಸಿವಿನ ತಿಂಗಳು

ಕಚೇರಿಗಳಲ್ಲಿ ಸಂಗ್ರಹ ನಡೆಯುವುದು ಹೆಚ್ಚಾಗಿ ಅಕ್ಟೋಬರಿನಲ್ಲಿ, ಇಲ್ಲವೇ ಡಿಸೆಂಬರಿನಲ್ಲಿ. ಬಡ ಮಕ್ಕಳಿರುವ ಮನೆಗೆ ಅಡುಗೆ ಖರ್ಚು ಏರುವುದು ಏಪ್ರಿಲ್, ಮೇ ತಿಂಗಳಲ್ಲಿ. ಶಾಲೆಗೆ ಬೇಸಿಗೆ ರಜೆ ಬಿತ್ತೆಂದರೆ ಅಕ್ಷರ ದಾಸೋಹದ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಎಲ್ಲ ಒಟ್ಟಿಗೇ ನಿಲ್ಲುತ್ತವೆ. ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಊಟ ಮುಂದುವರಿಸಿದ ವರ್ಷಗಳಿವೆ, ಆದರೆ ಎಲ್ಲ ಕಡೆ ಅಲ್ಲ. ದಿನಕ್ಕೊಂದು ಹೊತ್ತು ಶಾಲೆಯಲ್ಲಿ ಉಣ್ಣುತ್ತಿದ್ದ ಇಬ್ಬರು ಮಕ್ಕಳ ಊಟ ಪೂರ್ತಿಯಾಗಿ ಮನೆಯ ಮೇಲೆ ಬೀಳುತ್ತದೆ. ಅದರ ಬೆನ್ನಿಗೇ ಜೂನ್‌ನಲ್ಲಿ ಪುಸ್ತಕ, ಚೀಲ, ಫೀಸು. ವರ್ಷಕ್ಕೆ ಒಂದೇ ಸಂಗ್ರಹ ಮಾಡುವ ಕಚೇರಿ ಅದನ್ನು ಏಪ್ರಿಲ್ ಮೊದಲ ವಾರಕ್ಕೆ ಇಟ್ಟುಕೊಂಡರೆ ಅದೇ ಬೇಳೆ ಇಮ್ಮಡಿ ಕೆಲಸ ಮಾಡುತ್ತದೆ.

ವರ್ಷಕ್ಕೊಮ್ಮೆ ಗುಡ್ಡೆ ಹಾಕುವುದಕ್ಕಿಂತ ತಿಂಗಳು ತಿಂಗಳು ಸ್ವಲ್ಪ ಕೊಡುವುದು ಮೇಲು. ವಾರಾನ್ನದ ಪದ್ಧತಿಯಲ್ಲಿ ಓದುವ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಊಟ ಗೊತ್ತಾಗಿರುತ್ತಿತ್ತು. ಆ ಪದ್ಧತಿಗೆ ಅದರದೇ ಆದ ಮಿತಿಗಳಿದ್ದವು, ಎಲ್ಲ ಜಾತಿಯ ಮಕ್ಕಳಿಗೂ ಆ ಮನೆಗಳ ಬಾಗಿಲು ತೆರೆದಿರಲಿಲ್ಲ. ಆದರೆ ನಾಳೆಯ ಊಟ ಎಲ್ಲಿ ಎಂಬ ಚಿಂತೆಯನ್ನು ಅದು ಕಳೆಯುತ್ತಿತ್ತು. ಒಂದು ಇಲಾಖೆಯ ಹತ್ತು ಮಂದಿ ಸೇರಿ ಒಂದು ಹಾಸ್ಟೆಲಿನ ತಿಂಗಳ ಬೇಳೆಯ ಹೊಣೆ ಹೊತ್ತರೆ ಅಲ್ಲಿನವರು ಧೈರ್ಯವಾಗಿ ಅಡುಗೆಯ ಪಟ್ಟಿ ಮಾಡಿಕೊಳ್ಳಬಹುದು.

ನಮ್ಮ ಕಟ್ಟಡದೊಳಗಿನವರು

ಪೆಟ್ಟಿಗೆಯ ಸುತ್ತ ಕಸ ಗುಡಿಸುವ ಹೆಂಗಸು, ಬಾಗಿಲಲ್ಲಿ ಹನ್ನೆರಡು ತಾಸು ನಿಲ್ಲುವ ಸೆಕ್ಯುರಿಟಿಯವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು ಬಹುಪಾಲು ಗುತ್ತಿಗೆಯ ಮೇಲೆ ದುಡಿಯುವವರು. ತಿಂಗಳ ಕೊನೆಯಲ್ಲಿ ಬೇಳೆ ತೀರುವ ಮನೆ ಅವರದ್ದೂ ಇದ್ದೀತು. ಅವರನ್ನು ಕರೆದು ಎಲ್ಲರ ಮುಂದೆ ಕಿಟ್ ಕೊಟ್ಟು ಫೋಟೊ ತೆಗೆಯುವುದು ನೆರವಲ್ಲ. ಅವರ ಸಂಬಳ ಸರಿಯಾದ ದಿನಕ್ಕೆ ಬರುತ್ತಿದೆಯೇ, ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರೆಯೇ ಎಂದು ಗುತ್ತಿಗೆದಾರರನ್ನು ಕೇಳುವುದು ಯಾವ ಕಿಟ್‌ಗಿಂತಲೂ ದೊಡ್ಡ ಉಪಕಾರ. ಆಹಾರ ಬೇಕಿದ್ದರೆ ಯಾರಿಗೂ ತಿಳಿಯದಂತೆ ತೆಗೆದುಕೊಳ್ಳುವ ದಾರಿಯೂ ಇರಬೇಕು.

ಕೊಡುವವರ ಮರ್ಯಾದೆಯನ್ನೂ ಕಾಯಬೇಕು. ಯಾವ ತಂಡ ಹೆಚ್ಚು ತೂಕ ತಂದಿತು ಎಂಬ ಪಂದ್ಯ ಇಟ್ಟರೆ ಅಗ್ಗದ ಭಾರಿ ಸಾಮಾನು ಬಂದು ಬೀಳುತ್ತದೆ; ಉಪ್ಪಿನ ಗುಡ್ಡೆ ಏಳುವುದು ಹಾಗೆಯೇ. ಹೊಸದಾಗಿ ಸೇರಿದ, ಊರಿಗೆ ಹಣ ಕಳಿಸಬೇಕಾದ ಹುಡುಗನಿಗೆ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಖಾಲಿ ಜಾಗ ಕಂಡರೆ ಆಗುವ ಸಂಕೋಚ ದೊಡ್ಡದು. ಯಾರು ಎಷ್ಟು ಕೊಟ್ಟರೆಂದು ಪ್ರಕಟಿಸದೆ ಇರುವುದು, ಕೊಡದವರನ್ನು ಕೇಳದೆ ಇರುವುದು ದೊಡ್ಡತನ. ಕೊಡಲಾಗದವರು ಒಂದು ಮಧ್ಯಾಹ್ನ ಕುಳಿತು ವಿಂಗಡಿಸಿಕೊಡಲಿ, ಆ ಕೆಲಸಕ್ಕೆ ಯಾವಾಗಲೂ ಕೈ ಸಾಲುವುದಿಲ್ಲ.

ಇನ್ನು ತೆಗೆದುಕೊಳ್ಳುವವರ ಫೋಟೊ. ಕಿಟ್ ಹಿಡಿದು ಸಾಲಾಗಿ ನಿಂತ ಮಕ್ಕಳ ಚಿತ್ರ ಕಂಪನಿಯ ಪುಟದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನಾಳೆ ಅದೇ ಹುಡುಗಿ ಓದಿ ಕೆಲಸ ಕೇಳಿಕೊಂಡು ಅದೇ ಕಂಪನಿಗೆ ಬರಬಹುದು. ಚಿತ್ರ ಬೇಕೇಬೇಕೆಂದಿದ್ದರೆ ತುಂಬಿದ ಪೆಟ್ಟಿಗೆಗಳದ್ದು ಸಾಕು, ವಿಂಗಡಿಸುವ ಕೈಗಳದ್ದು ಸಾಕು.

ಇವಾವುದೂ ಕಷ್ಟದ ಕೆಲಸವಲ್ಲ. ಒಂದು ಫೋನ್, ಒಂದು ಪಟ್ಟಿ, ಪೊಟ್ಟಣದ ಮೇಲಿನ ದಿನಾಂಕದ ಕಡೆ ಒಂದು ನೋಟ, ಇಷ್ಟೇ ಬೇಕಾಗಿರುವುದು. ನಿಮ್ಮ ಕಚೇರಿಯಲ್ಲಿ ಮುಂದಿನ ಸಂಗ್ರಹದ ಮಾತು ಬಂದಾಗ ‘ಎಷ್ಟು ಕೊಡೋಣ’ ಎನ್ನುವ ಮೊದಲು ‘ಅವರಿಗೆ ಏನು ಬೇಕಂತೆ’ ಎಂದು ಕೇಳುವ ಒಬ್ಬರಾಗಿ. ಉತ್ತರ ಬರುವವರೆಗೆ ಏನು ಕೊಡಬೇಕೆಂದು ತೋಚದಿದ್ದರೆ, ಬೇಳೆ ಕೊಡಿ. ನಿಮ್ಮ ಮನೆಗೆ ಕೊಳ್ಳುವ ಬೇಳೆಯನ್ನೇ ಕೊಡಿ.